ಎತ್ತಿಗೆ ಜ್ವರ, ಎಮ್ಮೆಗೆ ಬರೆ: ಸ್ಟಾರ್ಮ್‌ಟ್ರೂಪರ್ ಕವಚದಲ್ಲಿ ದೋಷ ಹುಡುಕುವ ಬಗೆ

ದೂರು ಇಷ್ಟು: ಎಡಗಾಲಿನ ಕಣಕಾಲ ತುಂಡು ಹಿಂದುಗಡೆ ಬಾಯಿ ಬಿಡುತ್ತದೆ.

ಸ್ಟಾರ್ ವಾರ್ಸ್ ಚಿತ್ರದ ಸೈನಿಕನ ವೇಷಕ್ಕೆ ನಾನು ಕಟ್ಟಿಕೊಂಡ ಪ್ಲಾಸ್ಟಿಕ್ ಕವಚ ತೊಟ್ಟು ಹತ್ತು ನಿಮಿಷ ನಡೆದರೆ ಸಾಕು, ಮೀನಖಂಡದ ಹಿಂದಿನ ವೆಲ್ಕ್ರೋ ಚರ್ ಅಂತ ಬಿಟ್ಟುಕೊಳ್ಳುತ್ತಿತ್ತು. ವೆಲ್ಕ್ರೋ ಹಳೆಯದಾಯಿತೇನೋ ಅಂತ ಹೊಸದು ಹಾಕಿದೆ. ಮತ್ತೆ ಬಿಟ್ಟಿತು. ಅಗಲ ಜಾಸ್ತಿ ಇರುವುದನ್ನು ಹಾಕಿದೆ. ಅದೂ ಬಿಟ್ಟಿತು. ಕೊನೆಗೆ ಲೋಹದ ಕೊಕ್ಕೆ ಕೂರಿಸಿದೆ. ಈಗ ಕೊಕ್ಕೆ ಬಿಡಲಿಲ್ಲ, ಅದರ ಬುಡದಲ್ಲಿ ಪ್ಲಾಸ್ಟಿಕ್ಕೇ ಸೀಳಿತು. ಮೂರು ವಾರ ಹೀಗೆ ಕಾಲಿನ ಸುತ್ತಲೇ ಗಿರಕಿ ಹೊಡೆದೆ. ತಪ್ಪು ಇದ್ದದ್ದು ಹೆಗಲಿನಲ್ಲಿ. ಎರಡಿಂಚಿನ ಒಂದು ಎಲಾಸ್ಟಿಕ್ ಪಟ್ಟಿ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಅಂತಾರಲ್ಲ, ನಾನು ಮಾಡಿದ್ದು ಅದನ್ನೇ. ಈ ಕವಚ ಕಟ್ಟುವವರಲ್ಲಿ ಬಹಳ ಜನ ಮಾಡುವುದೂ ಅದನ್ನೇ. ಹಾಗಾಗಿ ಈ ಬರಹದಲ್ಲಿ ಕವಚ ಕಟ್ಟುವುದು ಹೇಗೆ ಅಂತ ಮೊದಲಿನಿಂದ ಹೇಳುವುದಿಲ್ಲ. ಕಟ್ಟಿ ಆಗಿದೆ, ಏನೋ ಸರಿ ಇಲ್ಲ, ಎಲ್ಲಿಂದ ನೋಡುವುದು? ಅಷ್ಟಕ್ಕೆ ಉತ್ತರ.

ಯಾವ ಕವಚ ಅಂತ ಮೊದಲು ಹೇಳಿಬಿಡುತ್ತೇನೆ. 1977ರಲ್ಲಿ ಬಂದ ಮೊದಲ ಸ್ಟಾರ್ ವಾರ್ಸ್ ಚಿತ್ರದ ಬಿಳಿ ಸ್ಟಾರ್ಮ್‌ಟ್ರೂಪರ್. ಕಲ್ಪನೆಯ ಚಿತ್ರಗಳು ರಾಲ್ಫ್ ಮೆಕ್ವಾರಿ ಅವರದು. ವಸ್ತ್ರವಿನ್ಯಾಸ ಜಾನ್ ಮೊಲ್ಲೊ ಅವರದು, ಆ ಚಿತ್ರಕ್ಕೆ ಅವರಿಗೆ ಆಸ್ಕರ್ ಬಂತು. ಲಂಡನ್ನಿನ ಟ್ವಿಕನ್‌ಹ್ಯಾಮ್‌ನಲ್ಲಿ ಆಂಡ್ರ್ಯೂ ಐನ್ಸ್‌ವರ್ತ್ ತಮ್ಮ ಕಾರ್ಖಾನೆಯಲ್ಲಿ ಪ್ಲಾಸ್ಟಿಕ್ ಹಾಳೆ ಕಾಯಿಸಿ, ಅಚ್ಚಿನ ಮೇಲೆ ಹೊದಿಸಿ, ಕೆಳಗಿನಿಂದ ಗಾಳಿ ಎಳೆದು ತುಂಡುಗಳನ್ನು ತೆಗೆದರು. ನಾವು ಕೊಂಡು ಕಟ್ಟಿಕೊಳ್ಳುವ ಇವತ್ತಿನ ಬಿಡಿ ತುಂಡುಗಳ ಕಿಟ್‌ಗಳೂ ಹೀಗೇ ತಯಾರಾಗುತ್ತವೆ. ಈ ವಿಧಾನ ಗೊತ್ತಿದ್ದರೆ ಮುಂದೆ ಬರುವ ಎಷ್ಟೋ ದೋಷಗಳು ತಾವಾಗಿ ಅರ್ಥವಾಗುತ್ತವೆ. ಹಾಳೆ ಅಚ್ಚಿನ ಮೇಲೆ ಹಿಗ್ಗುತ್ತದೆ. ಎಲ್ಲಿ ಜಾಸ್ತಿ ಹಿಗ್ಗುತ್ತದೋ ಅಲ್ಲಿ ತೆಳ್ಳಗಾಗುತ್ತದೆ. ಆಳದ ಮೂಲೆಗಳೆಲ್ಲ ತೆಳು, ಚಪ್ಪಟೆ ಜಾಗಗಳೆಲ್ಲ ದಪ್ಪ. 2 ಮಿಲಿಮೀಟರ್ ಹಾಳೆ ಅಂತ ಕೊಂಡರೂ ಮೂಲೆಯಲ್ಲಿ ನಿಮ್ಮ ಕೈಗೆ ಸಿಗುವುದು ಅದಕ್ಕಿಂತ ಕಡಿಮೆ.

ಇನ್ನೊಂದು ಮಾತು. ಚಿತ್ರಕ್ಕೆ ಮಾಡಿದ ಕವಚಗಳು ಬಾಳಿಕೆ ಬರಲಿ ಅಂತ ಮಾಡಿದವಲ್ಲ. 1976ರಲ್ಲಿ ಟುನೀಶಿಯಾದ ಮರಳಿನಲ್ಲೂ ಇಂಗ್ಲೆಂಡಿನ ಎಲ್‌ಸ್ಟ್ರೀ ಸ್ಟುಡಿಯೋದಲ್ಲೂ ಚಿತ್ರೀಕರಣ ಮುಗಿಯುವ ತನಕ ಕೂಡಿಕೊಂಡಿದ್ದರೆ ಸಾಕಿತ್ತು. ನಮಗೆ ಹಾಗಲ್ಲ. ನಾವು ಇಡೀ ದಿನ ನಡೆಯಬೇಕು, ಮಕ್ಕಳ ಜೊತೆ ಬಗ್ಗಿ ಫೋಟೋಗೆ ನಿಲ್ಲಬೇಕು, ಮೆಟ್ಟಿಲು ಹತ್ತಬೇಕು. ತೆರೆಯ ಮೇಲಿದ್ದ ಹಾಗೇ ಕಾಣಬೇಕು ಅನ್ನುವ ಹಟ ಒಳ್ಳೆಯದೇ. ಆದರೆ ಒಳಗಿನ ಕಟ್ಟುಗಳನ್ನು ಯಾರೂ ನೋಡುವುದಿಲ್ಲ. ಅಲ್ಲಿ ನಿಮ್ಮ ಇಷ್ಟ.

ವೇಷ ಕಟ್ಟುವುದು

ಕನ್ನಡದಲ್ಲಿ ವೇಷ ಹಾಕುವುದೂ ಇದೆ, ವೇಷ ಕಟ್ಟುವುದೂ ಇದೆ. ಈ ಕವಚಕ್ಕೆ ಎರಡನೆಯದೇ ಸರಿ. ನೋಡುವವರಿಗೆ ಇದು ಗಟ್ಟಿ ಡಬ್ಬಿಯ ಹಾಗೆ ಕಾಣುತ್ತದೆ. ಒಳಗಿರುವವರಿಗೆ ಗೊತ್ತು, ಇದು ಹಗ್ಗದ ಮೇಲೆ ಒಣಹಾಕಿದ ಬಟ್ಟೆ. ಎಲ್ಲವೂ ನೇತಾಡುತ್ತಿರುತ್ತದೆ.

ಎದೆಯ ಪ್ಲೇಟೂ ಬೆನ್ನಿನ ಪ್ಲೇಟೂ ಹೆಗಲ ಮೇಲಿನ ಪಟ್ಟಿಯಿಂದ ಕೂಡಿಕೊಂಡಿರುತ್ತವೆ. ಹೊಟ್ಟೆಯ ಪ್ಲೇಟ್ ಎದೆಯಿಂದ ನೇತಾಡುತ್ತದೆ. ಬೆನ್ನಿನಿಂದ ಸೊಂಟದ ಹಿಂಭಾಗ ಮುಚ್ಚುವ ಕಿಡ್ನಿ ಪ್ಲೇಟ್, ಅದರಿಂದ ಪೃಷ್ಠದ ಪ್ಲೇಟ್. ಹೊಟ್ಟೆ ಪ್ಲೇಟಿನ ಕೆಳತುದಿಗೂ ಪೃಷ್ಠದ ಪ್ಲೇಟಿಗೂ ನಡುವೆ, ಕಾಲುಗಳ ಸಂದಿಯಲ್ಲಿ ಲಂಗೋಟಿಯಂತೆ ಒಂದು ಪಟ್ಟಿ. ತೊಡೆಯ ತುಂಡುಗಳನ್ನು ನಾವು ಸೊಂಟಕ್ಕೆ ಒಳಗಿನಿಂದ ಒಂದು ಬೆಲ್ಟ್ ಕಟ್ಟಿ ಅದರಿಂದ ಇಳಿಬಿಡುತ್ತೇವೆ. ಕಣಕಾಲ ತುಂಡು ಮಾತ್ರ ಯಾವುದರಿಂದಲೂ ನೇತಾಡುವುದಿಲ್ಲ. ಬಿಳಿ ಬೂಟಿನ ಮೇಲೆ ಕೂತಿರುತ್ತದೆ.

ಹೆಗಲ ಮೇಲೆ ಗೆರೆಗೆರೆಯ ಬಿಳಿ ಸೇತುವೆಯಂಥ ತುಂಡು ಕಾಣುತ್ತದಲ್ಲ, ಅದು ಭಾರ ಹೊರುತ್ತದೆ ಅಂತ ಬಹಳ ಜನ ಅಂದುಕೊಳ್ಳುತ್ತಾರೆ. ಹೊರುವುದಿಲ್ಲ. ಅದರ ಮುಂದಿನ ತುದಿ ಎದೆಗೆ ಅಂಟಿರುತ್ತದೆ. ಹಿಂದಿನ ತುದಿ ಬೆನ್ನಿನ ಮೇಲೆ ಒಂದು ಎಲಾಸ್ಟಿಕ್ ಕುಣಿಕೆಯೊಳಗೆ ಸುಮ್ನೆ ಜಾರಾಡುತ್ತಿರುತ್ತದೆ. ಅದು ಅಲಂಕಾರ. ಭಾರ ಹೊರುವುದು ಅದರ ಕೆಳಗೆ ಅಡಗಿರುವ ಪಟ್ಟಿ.

ಈಗ ಆ ಪಟ್ಟಿ ಸಡಿಲವಾಯಿತು ಅನ್ನಿ. ಎದೆ ಒಂದೂವರೆ ಸೆಂಟಿಮೀಟರ್ ಕೆಳಗಿಳಿಯುತ್ತದೆ. ಅದರ ಜೊತೆ ಹೊಟ್ಟೆ ಪ್ಲೇಟೂ ಇಳಿಯುತ್ತದೆ. ಹೊಟ್ಟೆ ಪ್ಲೇಟಿನ ಕೆಳತುದಿ ಈಗ ತೊಡೆಯ ತುಂಡಿನ ಮೇಲಂಚಿಗೆ ಹತ್ತಿರ. ಒಂದು ಹೆಜ್ಜೆ ಇಟ್ಟಿರಿ, ತೊಡೆ ಮೇಲೆದ್ದಿತು, ಎರಡೂ ಗುದ್ದಿಕೊಂಡವು. ಮೇಲಿನದು ಬಲವಾದದ್ದು. ತೊಡೆಯ ತುಂಡು ಕೆಳಗೆ ಜಾರಿತು. ಅದರ ಕೆಳಗಂಚು ಹೋಗಿ ಎಡ ಮೊಣಕಾಲಿನ ಮೇಲಿರುವ ಸ್ನೈಪರ್ ಪ್ಲೇಟಿಗೆ ಬಡಿಯಿತು. ಆ ಪ್ಲೇಟ್ ಕಣಕಾಲ ತುಂಡಿಗೆ ಅಂಟಿರುವಂಥದ್ದು. ಕಣಕಾಲ ತುಂಡಿಗೆ ಕೆಳಗೆ ಹೋಗಲು ಜಾಗವಿಲ್ಲ, ಬೂಟು ಇದೆ. ಮುಂದಿನಿಂದ ಒತ್ತಿದರೆ ಹಿಂದುಗಡೆ ತೆರೆಯಲೇಬೇಕು. ಚರ್.

ಬಲಗಾಲು ಯಾಕೆ ಬಿಟ್ಟುಕೊಳ್ಳಲಿಲ್ಲ? ಬಲಗಾಲಿಗೆ ಸ್ನೈಪರ್ ಪ್ಲೇಟೇ ಇಲ್ಲ. ಆ ಒಂದು ವ್ಯತ್ಯಾಸವನ್ನು ಮೊದಲ ದಿನವೇ ಗಮನಿಸಿದ್ದರೆ ಮೂರು ವಾರ ಉಳಿಯುತ್ತಿತ್ತು. ಎರಡು ಕಡೆಯಲ್ಲಿ ಒಂದೇ ಕಡೆ ಕೆಟ್ಟರೆ, ಕೆಟ್ಟದ್ದನ್ನೇ ದಿಟ್ಟಿಸುತ್ತಾ ಕೂರಬೇಡಿ. ಕೆಡದೇ ಇರುವ ಕಡೆಯಲ್ಲಿ ಏನಿಲ್ಲ ಅಂತ ನೋಡಿ.

ನನ್ನಂತೆ 5 ಅಡಿ 6 ಇಂಚಿನವರಿಗೆ ಈ ಗುದ್ದಾಟ ಇನ್ನೂ ಬೇಗ ಬರುತ್ತದೆ. ಎತ್ತರದ, ತೆಳ್ಳಗಿನ ಮೈಗೆ ಒಪ್ಪುವ ಅಳತೆ ಇದು. ಗಿಡ್ಡವರಲ್ಲಿ ತುಂಡುಗಳ ನಡುವೆ ಜಾಗವೇ ಕಡಿಮೆ. ಕತ್ತರಿಸಲೇಬೇಕಾದರೆ ತೊಡೆಯ ತುಂಡನ್ನು ಮೇಲಿನಿಂದ ಕತ್ತರಿಸಿ. ಕೆಳಗಂಚಿನ ಏಣು ಕಣ್ಣಿಗೆ ಬೀಳುವಂಥದ್ದು, ಅದು ಹೋದರೆ ಮತ್ತೆ ಬರುವುದಿಲ್ಲ. ಆದರೆ ಕತ್ತರಿ ಎತ್ತಿಕೊಳ್ಳುವ ಮುಂಚೆ ಪಟ್ಟಿಗಳನ್ನು ನೋಡಿ. ಪಟ್ಟಿ ಬಿಗಿ ಮಾಡಿದರೆ ಸರಿಹೋಗುವ ಕಡೆ ಪ್ಲಾಸ್ಟಿಕ್ ಕತ್ತರಿಸಿಕೊಂಡವರು ಆಮೇಲೆ ಪರಿತಪಿಸುತ್ತಾರೆ.

ಟೇಪ್ ಮತ್ತು ಕಾಡಿಗೆ

ಎಲ್ಲಿ ಯಾವುದು ಯಾವುದಕ್ಕೆ ತಾಗುತ್ತಿದೆ ಅಂತ ಒಳಗಿದ್ದವರಿಗೆ ತಿಳಿಯುವುದೇ ಇಲ್ಲ. ಹೆಲ್ಮೆಟ್ ಹಾಕಿಕೊಂಡ ಮೇಲೆ ಸ್ವಂತ ಹೊಟ್ಟೆಯೂ ಕಾಣುವುದಿಲ್ಲ. ಟಕ್ ಟಕ್ ಶಬ್ದ ಮಾತ್ರ ಕೇಳುತ್ತದೆ. ಅದು ಕವಚದ ತುಂಬ ಓಡಾಡುವುದರಿಂದ ಎಲ್ಲಿಂದ ಬಂತು ಅಂತ ಹೇಳಲಾಗುವುದಿಲ್ಲ.

ಅದಕ್ಕೆ ನಾನು ಮಾಡುವುದು ಇದು. ಅನುಮಾನ ಇರುವ ಎರಡೂ ಅಂಚುಗಳಿಗೆ ಮಾಸ್ಕಿಂಗ್ ಟೇಪ್ ಅಂಟಿಸುತ್ತೇನೆ. ಒಂದು ಟೇಪಿನ ಮೇಲೆ ಕಾಡಿಗೆ ಸವರುತ್ತೇನೆ. ಮನೆಯೊಳಗೆ ಐವತ್ತು ಹೆಜ್ಜೆ. ಇನ್ನೊಂದು ಟೇಪಿಗೆ ಕಪ್ಪು ಹತ್ತಿದ್ದರೆ ಅಲ್ಲಿ ತಾಗುತ್ತಿದೆ. ಹತ್ತಿರುವ ಗುರುತು ಚುಕ್ಕಿಯಂತಿದ್ದರೆ ಗುದ್ದು, ಗೆರೆಯಂತಿದ್ದರೆ ಉಜ್ಜಾಟ. ಗುದ್ದು ಬಿರುಕು ತರುತ್ತದೆ. ಉಜ್ಜಾಟ ಬರೀ ಹೊಳಪು ತೆಗೆಯುತ್ತದೆ, ಅವಸರವಿಲ್ಲ.

ಕಾಡಿಗೆಯನ್ನು ನೇರವಾಗಿ ಪ್ಲಾಸ್ಟಿಕ್ಕಿಗೆ ಹಚ್ಚಬೇಡಿ. ಅದನ್ನು ಒರೆಸಲು ಕೊಬ್ಬರಿ ಎಣ್ಣೆಯನ್ನಂತೂ ಮುಟ್ಟಲೇಬೇಡಿ. ಈ ಕವಚದ ಪ್ಲಾಸ್ಟಿಕ್ಕಿಗೆ ಎಬಿಎಸ್ ಅಂತ ಹೆಸರು, ಅದು ಎಳೆತದಲ್ಲಿರುವಾಗ ಎಣ್ಣೆ, ಥಿನ್ನರ್ ಇಂಥವು ಸೋಕಿದರೆ ಸಣ್ಣ ಸಣ್ಣ ಬಿರುಕು ಎದ್ದೀತು. ಸೋಪಿನ ನೀರು ಸಾಕು.

ಜೊತೆಗೆ ಫೋನನ್ನು ಸೊಂಟದ ಎತ್ತರಕ್ಕೆ ಇಟ್ಟು ವಿಡಿಯೋ ಮಾಡಿಕೊಳ್ಳಿ. ಎದುರಿಗೆ ಬರುವುದು, ತಿರುಗಿ ಹೋಗುವುದು, ಎರಡು ಮೆಟ್ಟಿಲು ಹತ್ತಿ ಇಳಿಯುವುದು. ತೊಟ್ಟ ತಕ್ಷಣ ಒಮ್ಮೆ, ಒಂದು ಗಂಟೆ ಆದ ಮೇಲೆ ಇನ್ನೊಮ್ಮೆ. ಎರಡನೆಯದು ಬಹಳ ಮುಖ್ಯ. ಬೆಳಿಗ್ಗೆ ಸರಿಯಿದ್ದು ಮಧ್ಯಾಹ್ನ ಕೆಡುವ ದೋಷವೆಂದರೆ ಹೆಚ್ಚು ಕಡಿಮೆ ಯಾವಾಗಲೂ ಪಟ್ಟಿಯದೇ. ಪ್ಲಾಸ್ಟಿಕ್ ಒಂದು ಗಂಟೆಯಲ್ಲಿ ಉದ್ದ ಆಗುವುದಿಲ್ಲ, ಎಲಾಸ್ಟಿಕ್ ಆಗುತ್ತದೆ. ನನ್ನ ಎರಡು ವಿಡಿಯೋ ಪಕ್ಕಪಕ್ಕ ಇಟ್ಟಾಗ ಎದೆಯ ಕೆಳಗಂಚು ಹೊಟ್ಟೆ ಪ್ಲೇಟಿನ ನೀಲಿ ಗುಂಡಿಗಳ ಹತ್ತಿರಕ್ಕೆ ಇಳಿದಿದ್ದು ಕಣ್ಣಿಗೆ ಹೊಡೆಯಿತು. ಆದರೂ ಕಾರಣ ಹೊಳೆಯಲಿಲ್ಲ ನೋಡಿ! ಬೆವರಿಗೆ ಜಾರಿದೆ ಅಂದುಕೊಂಡೆ.

ಅದನ್ನು ಹೇಳಿದ್ದು ನಮ್ಮ ಬೀದಿಯ ಚಪ್ಪಲಿ ಹೊಲಿಯುವ ಅಣ್ಣ. ಕಣಕಾಲ ತುಂಡಿಗೆ ದಪ್ಪ ವೆಲ್ಕ್ರೋ ಹೊಲಿಸಲು ಹೋಗಿದ್ದೆ. ಚೀಲದಲ್ಲಿ ಎದೆ ಪ್ಲೇಟೂ ಇತ್ತು. ಅದನ್ನು ಎತ್ತಿ ನೋಡಿದ, ಪಟ್ಟಿಯನ್ನು ಎರಡು ಸಲ ಎಳೆದು ಬಿಟ್ಟ.

“ಸಾರ್, ಇದರಲ್ಲಿ ಜೀವ ಇಲ್ಲ.”

“ಹೊಸದು ಅಣ್ಣ, ಎರಡು ತಿಂಗಳಾಯ್ತು ಅಷ್ಟೇ.”

“ಹೊಸದಾದರೇನು? ಎಲಾಸ್ಟಿಕ್ ಇರೋದು ಹಿಡಿಯೋಕೆ, ಹೊರೋಕಲ್ಲ. ಹೊರೋಕೆ ಪಟ್ಟಿ ಹಾಕಿ.”

ಅವನು ಸ್ಟಾರ್ ವಾರ್ಸ್ ನೋಡಿದವನಲ್ಲ. ಶಾಲೆಯ ಬ್ಯಾಗುಗಳ ಪಟ್ಟಿ ಹೊಲಿದೂ ಹೊಲಿದೂ ಗೊತ್ತಾಗಿರುವುದು. ಹೆಗಲಿಗೆ, ಬೆನ್ನು ಮತ್ತು ಕಿಡ್ನಿ ನಡುವೆ, ಎದೆ ಮತ್ತು ಹೊಟ್ಟೆ ನಡುವೆ ಹಿಗ್ಗದ ನೈಲಾನ್ ಪಟ್ಟಿ, 25 ಮಿಲಿಮೀಟರ್ ಅಗಲದ್ದು. ಪಕ್ಕೆಗಳಲ್ಲಿ, ಉಸಿರಾಡುವಾಗ ಹಿಗ್ಗಬೇಕಾದ ಕಡೆ ಮಾತ್ರ ಎಲಾಸ್ಟಿಕ್. ಅವತ್ತು ಸಂಜೆಯೇ ಬದಲಾಯಿಸಿದೆ. ಕಣಕಾಲಿಗೆ ಹಳೇ ಸಣ್ಣ ವೆಲ್ಕ್ರೋವನ್ನೇ ವಾಪಸ್ ಹಾಕಿದೆ. ಇವತ್ತಿನ ತನಕ ಬಿಟ್ಟುಕೊಂಡಿಲ್ಲ.

ಪಟ್ಟಿಯದೂ ಅಲ್ಲ ಅನ್ನಿಸಿದರೆ ಒಂದೊಂದೇ ಕಳಚುತ್ತಾ ಬನ್ನಿ. ಮೊದಲು ಮುಂಡದ ಭಾಗ ಮಾತ್ರ ತೊಟ್ಟು ನಡೆಯಿರಿ. ಆಮೇಲೆ ಬೆಲ್ಟ್, ಆಮೇಲೆ ತೊಡೆ, ಕೊನೆಗೆ ಕಣಕಾಲು. ಯಾವುದನ್ನು ಸೇರಿಸಿದಾಗ ತೊಂದರೆ ಶುರುವಾಯಿತೋ, ಕಾರಣ ಅದೋ ಅದರ ಮೇಲಿನದೋ ಆಗಿರುತ್ತದೆ. ಕೆಳಗಿನದಂತೂ ಅಲ್ಲ.

ಬಿರುಕು ಎಲ್ಲಿ ಹುಟ್ಟಿತು?

ಬಿರುಕು ಕಂಡ ತಕ್ಷಣ ಅಂಟಿನ ಟ್ಯೂಬ್ ಹುಡುಕಬೇಡಿ. ಅದರ ಎರಡು ತುದಿ ನೋಡಿ. ಒಂದು ತುದಿ ಹುಟ್ಟಿದ ಜಾಗ, ಇನ್ನೊಂದು ಹೋಗುತ್ತಿರುವ ಜಾಗ.

ಅಂಚಿನಿಂದ ಶುರುವಾಗಿದ್ದರೆ ಕತ್ತರಿಸಿದ್ದು ಒರಟಾಗಿದೆ. ಕಟ್ಟರ್‌ನಿಂದ ಗೀರಿ ಮುರಿಯುವಾಗ ಅಂಚಿನಲ್ಲಿ ಕಣ್ಣಿಗೆ ಕಾಣದ ಕಚ್ಚುಗಳು ಉಳಿಯುತ್ತವೆ. ಹಾಲಿನ ಪ್ಯಾಕೆಟ್ಟಿಗೆ ಒಂದು ಸಣ್ಣ ಕಚ್ಚು ಹಾಕಿದರೆ ಸರಕ್ಕನೆ ಹರಿಯುತ್ತದಲ್ಲ, ಅದೇ ಲೆಕ್ಕ. ಅರದಿಂದ ತಿಕ್ಕಿ, ಎಮರಿ ಪೇಪರ್ ಹೊಡೆದು ಅಂಚನ್ನು ದುಂಡಗೆ ಮಾಡಬೇಕಿತ್ತು. ಒಳಮೂಲೆಗಳನ್ನು ಚೂಪಾಗಿ ಬಿಡಲೇಬಾರದು. ಹೊಟ್ಟೆ ಪ್ಲೇಟಿನ ಕೆಳಗೆ ಕಾಲಿಗೆ ಜಾಗ ಬಿಟ್ಟ ಬಳಸುಗಳು, ತೊಡೆಯ ಹಿಂದಿನ ಮೇಲಂಚು ಇವೇ ಮೊದಲು ಕೈಕೊಡುವ ಜಾಗಗಳು.

ತೂತಿನಿಂದ ಶುರುವಾಗಿದ್ದರೆ ರಿವೆಟ್ ಅಥವಾ ಟಿಚ್ ಬಟನ್ ಅತಿ ಬಿಗಿಯಾಗಿದೆ. ವಾಷರ್ ಇಲ್ಲದೆ ಹೊಡೆದಿದ್ದೀರಿ. ಅಥವಾ ತೂತು ಅಂಚಿಗೆ ತೀರಾ ಹತ್ತಿರ ಇದೆ. ನನ್ನ ಕೊಕ್ಕೆಯ ಬುಡ ಸೀಳಿದ್ದು ಹೀಗೆ. ಒಂದು ಉಪಾಯ: ಪ್ಲಾಸ್ಟಿಕ್ಕಿಗೆ ತೂತು ಹಾಕುವ ಬದಲು ಟಿಚ್ ಬಟನ್ನನ್ನು ನೈಲಾನ್ ಪಟ್ಟಿಯ ಚೂರಿಗೆ ಹೊಡೆದು, ಆ ಚೂರನ್ನು ಒಳಗಡೆ ಅಂಟಿಸಿ. ಎಳೆತ ಜಾಸ್ತಿಯಾದರೆ ಅಂಟು ಬಿಡುತ್ತದೆ, ಪ್ಲಾಸ್ಟಿಕ್ ಉಳಿಯುತ್ತದೆ. ಅಂಟು ಮತ್ತೆ ಹಾಕಬಹುದು.

ಅಂಚೂ ಇಲ್ಲ, ತೂತೂ ಇಲ್ಲ, ನಡುವಿನಲ್ಲೇ ಬಿರುಕು ಎದ್ದಿದ್ದರೆ ಕತ್ತಲೆ ಕೋಣೆಗೆ ಹೋಗಿ ಪ್ಲೇಟಿನ ಹಿಂದೆ ಫೋನಿನ ಟಾರ್ಚ್ ಹಿಡಿಯಿರಿ. ಬೆಳಕು ಎಲ್ಲಿ ಜಾಸ್ತಿ ತೂರಿ ಬರುತ್ತದೋ ಅಲ್ಲಿ ಪ್ಲಾಸ್ಟಿಕ್ ತೆಳುವಾಗಿದೆ. ಬಿರುಕು ಆ ದಾರಿಯಲ್ಲೇ ಓಡಿರುತ್ತದೆ. ಹಾಳೆ ಹಿಗ್ಗಿದ ಮೂಲೆ ಅಂತ ಆಗಲೇ ಹೇಳಿದೆನಲ್ಲ, ಅದು ಇದೇ. ಇಂಥ ಕಡೆ ಬಿರುಕು ಬರುವ ಮುಂಚೆಯೇ ಒಳಗಿನಿಂದ ಒಂದು ಚೂರು ಆಸರೆ ಅಂಟಿಸಿಬಿಡಿ.

ಜೇಡರ ಬಲೆಯಂತೆ ಹತ್ತಾರು ಸಣ್ಣ ಬಿರುಕುಗಳಿದ್ದರೆ ಅದು ಏಟಿನದಲ್ಲ. ಬಣ್ಣದ ಥಿನ್ನರೋ ಯಾವುದೋ ಕ್ಲೀನರೋ ತಿಂದಿದೆ.

ರಿಪೇರಿಗೆ ಮೊದಲು ಬಿರುಕು ನಿಲ್ಲಿಸಬೇಕು. ಹೋಗುತ್ತಿರುವ ತುದಿಯಲ್ಲಿ 2 ಮಿಲಿಮೀಟರ್ ಡ್ರಿಲ್ ಬಿಟ್‌ನಿಂದ ಒಂದು ತೂತು. ಚೂಪು ತುದಿ ದುಂಡಗಾದರೆ ಬಿರುಕು ಮುಂದೆ ಓಡುವುದಿಲ್ಲ. ಆಮೇಲೆ ಒಳಗಿನಿಂದ ಎಬಿಎಸ್ ಚೂರಿನ ಆಸರೆ. ಹೊರಗಿನ ಸೀಳಿಗೆ ಎಬಿಎಸ್ ಹಿಟ್ಟು. ಕತ್ತರಿಸಿ ಉಳಿದ ಚೂರುಗಳನ್ನು ಗಾಜಿನ ಬಾಟಲಿಯಲ್ಲಿ ಹಾಕಿ, ಅಸಿಟೋನ್ ಸುರಿದು, ಮುಚ್ಚಿ ರಾತ್ರಿಯಿಡೀ ಬಿಟ್ಟರೆ ಬೆಳಿಗ್ಗೆಗೆ ಇಡ್ಲಿ ಹಿಟ್ಟಿನ ಹದಕ್ಕೆ ಬರುತ್ತದೆ. ನಿಮ್ಮದೇ ಕವಚದ ಪ್ಲಾಸ್ಟಿಕ್ ಆದ್ದರಿಂದ ಬಣ್ಣವೂ ಅದೇ. ಚೂರುಗಳನ್ನು ಎಸೆಯಬೇಡಿ ಅನ್ನುವುದು ಇದಕ್ಕೇ. ಇಷ್ಟಿಷ್ಟೇ ತೆಳುವಾಗಿ ಹಚ್ಚಿ, ಪ್ರತಿ ಸಲ ಒಣಗಲು ಬಿಡಿ. ಒಂದೇ ಸಲಕ್ಕೆ ದಪ್ಪ ಮೆತ್ತಿದರೆ ಒಳಗೆ ಸಿಕ್ಕಿಕೊಂಡ ಅಸಿಟೋನ್ ಒಳ್ಳೆಯ ಪ್ಲಾಸ್ಟಿಕ್ಕನ್ನೂ ಮೆತ್ತಗೆ ಮಾಡುತ್ತದೆ, ಆ ಜಾಗ ಕುಸಿಯುತ್ತದೆ. ಒಣಗಿದ ಮೇಲೆ 400, 800, 1200 ನಂಬರಿನ ಪೇಪರ್, ನೀರು ಹಾಕಿ ತಿಕ್ಕಿ, ಆಮೇಲೆ ಪಾಲಿಶ್. ಅಸಿಟೋನ್ ಬೆಂಕಿಗೆ ಹತ್ತಿಕೊಳ್ಳುವ ವಸ್ತು. ಅಡುಗೆಮನೆಯಲ್ಲಂತೂ ಬೇಡವೇ ಬೇಡ, ಕಿಟಕಿ ತೆರೆದಿರಲಿ.

ಅಂಟು ಬಿಟ್ಟಾಗ

ತೋಳು, ತೊಡೆ, ಕಣಕಾಲುಗಳೆಲ್ಲ ಎರಡೆರಡು ಹೋಳುಗಳನ್ನು ಕೂಡಿಸಿ ಮಾಡಿದವು. ಹೋಳುಗಳನ್ನು ಅಂಚಿಗೆ ಅಂಚು ಕೂಡಿಸಿ, ಮೇಲೆ ಒಂದು ಬಿಳಿ ಪಟ್ಟಿ ಅಂಟಿಸಿರುತ್ತದೆ. ಒಂದರ ಮೇಲೊಂದು ಹತ್ತಿಸಿ ಅಂಟಿಸುವುದು ಸುಲಭ, ಆದರೆ ಚಿತ್ರದಲ್ಲಿರುವುದು ಹಾಗಲ್ಲ. ಈ ಪಟ್ಟಿ ಬಿಟ್ಟು ಬಂದರೆ ಬೇಜಾರಾಗಬೇಡಿ, ಬಿಟ್ಟ ಜಾಗವನ್ನು ಓದಿ.

ಅಂಟೆಲ್ಲ ಒಂದೇ ಕಡೆ ಉಳಿದು ಇನ್ನೊಂದು ಕಡೆ ತೊಳೆದಂತೆ ಸ್ವಚ್ಛವಾಗಿದ್ದರೆ, ಆ ಸ್ವಚ್ಛ ಕಡೆಯೇ ತಪ್ಪು. ಅಲ್ಲಿ ಎಮರಿ ಪೇಪರ್ ತಿಕ್ಕಿಲ್ಲ, ಅಥವಾ ಕೈಯ ಜಿಡ್ಡು ಇತ್ತು. ಎರಡೂ ಕಡೆ ಹರಿದ ಅಂಟು ಉಳಿದಿದ್ದರೆ ಅಂಟು ತನ್ನ ಕೆಲಸ ಮಾಡಿದೆ, ಎಳೆತವೇ ಜಾಸ್ತಿ. ಹೋಳುಗಳನ್ನು ಬಲವಂತವಾಗಿ ಬಾಗಿಸಿ ಕೂಡಿಸಿದ್ದೀರಿ. ಅಂಥ ಹೋಳನ್ನು ಬಿಸಿನೀರಲ್ಲಿ ಅದ್ದಿ ಮೆಲ್ಲಗೆ ಆಕಾರಕ್ಕೆ ತಂದು, ಒತ್ತಡವಿಲ್ಲದೆ ಕೂಡುವಂತೆ ಮಾಡಿ ಅಂಟಿಸಬೇಕು. ಎಬಿಎಸ್ ಸುಮಾರು 100 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಪೂರ್ತಿ ಮೆತ್ತಗಾಗುತ್ತದೆ. ಹೀಟ್ ಗನ್ ಅದನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ದಾಟಿಬಿಡುತ್ತದೆ, ಹೊಳಪೂ ಹೋಗುತ್ತದೆ. ಬಿಸಿನೀರು ಅಷ್ಟು ಮೇಲೆ ಹೋಗಲಾರದು, ಅದೇ ಅದರ ಗುಣ.

ಮೂರನೆಯದು, ಅಂಟು ದಾರ ದಾರವಾಗಿ ಎಳೆದುಕೊಂಡು, ವಾಸನೆ ಇನ್ನೂ ಬರುತ್ತಿದ್ದರೆ ಒಣಗಿಯೇ ಇಲ್ಲ. ಕವಚದವರು ಜಾಸ್ತಿ ಬಳಸುವುದು ಇ-6000 ಎಂಬ ರಬ್ಬರಿನಂಥ ಅಂಟು. ಪೂರ್ತಿ ಗಟ್ಟಿಯಾಗಲು 24ರಿಂದ 72 ಗಂಟೆ ಬೇಕು. ಎರಡು ಪ್ಲಾಸ್ಟಿಕ್‌ಗಳ ನಡುವೆ ಅಗಲವಾಗಿ ಹಚ್ಚಿದರೆ ಆವಿ ಹೊರಗೆ ಹೋಗಲು ದಾರಿಯಿಲ್ಲ, ಇನ್ನೂ ನಿಧಾನ. ಬಟ್ಟೆ ಕ್ಲಿಪ್ಪೋ ಆಯಸ್ಕಾಂತವೋ ಹಾಕಿ ಮೂರು ದಿನ ಮರೆತುಬಿಡಿ. ಇದರ ದೊಡ್ಡ ಗುಣವೆಂದರೆ ತಪ್ಪಾದರೆ ಮೆಲ್ಲಗೆ ಸುಲಿದು ತೆಗೆಯಬಹುದು. ಸೂಪರ್ ಗ್ಲೂ ಹಾಗಲ್ಲ. ಬೇಗ ಹಿಡಿಯುತ್ತದೆ, ಆದರೆ ಗಾಜಿನಂತೆ ಪೆಡಸು. ನಡೆಯುವಾಗ ಬಾಗುವ ಕವಚಕ್ಕೆ ಅದು ಒಗ್ಗುವುದಿಲ್ಲ.

ಚಪ್ಪಲಿಗೆ ಹಾಕುವ ಹಳದಿ ರಬ್ಬರ್ ಅಂಟೂ ಕೆಲಸ ಮಾಡುತ್ತದೆ, ಬಿಸಿಲಿಗೆ ನಿಲ್ಲಿಸಿದ ಕಾರಿನ ಡಿಕ್ಕಿಯಲ್ಲಿ ಕವಚ ಇಡುವವರೆಗೆ. ನಾನು ಒಮ್ಮೆ ವೈಟ್‌ಫೀಲ್ಡಿನಲ್ಲಿ ಕಾಮಿಕ್ ಕಾನ್ ಎಂಬ ಅಭಿಮಾನಿಗಳ ಮೇಳಕ್ಕೆ ಹೋಗಿ ಡಿಕ್ಕಿ ತೆಗೆದರೆ ಎರಡು ಪಟ್ಟಿ ತಾವಾಗೇ ಸುರುಳಿ ಸುತ್ತಿಕೊಂಡಿದ್ದವು. ಬಿಸಿಲು ಇನ್ನೊಂದು ಕೆಡುಕನ್ನೂ ಮಾಡುತ್ತದೆ. ಬಿಳಿ ಎಬಿಎಸ್ ಬಿಸಿಲಿಗೆ ಹಳದಿಯಾಗುತ್ತದೆ. ಅಂಟಿನ ಕಲೆಯಾದರೆ ಒಂದೇ ಜಾಗದಲ್ಲಿ ಇರುತ್ತದೆ, ಬಿಸಿಲಿನದಾದರೆ ಕಿಟಕಿಯ ಕಡೆ ಮುಖ ಮಾಡಿದ್ದ ಭಾಗವೆಲ್ಲ.

ಹೆಲ್ಮೆಟ್ಟಿನ ಕಾಟಗಳು

ಇದನ್ನು ಬೇಗ ಮುಗಿಸುತ್ತೇನೆ, ಇಲ್ಲಿ ದೋಷಗಳು ಹೆಚ್ಚೇನಿಲ್ಲ.

ಕಣ್ಣಿನ ಲೆನ್ಸ್ ಮಂಜಾದರೆ ಉಸಿರಿನ ಬಿಸಿ ಗಾಳಿ ತಣ್ಣಗಿನ ಲೆನ್ಸಿಗೆ ತಾಗುತ್ತಿದೆ ಅಂತ ಅರ್ಥ. ಮೊದಲು ಬಾಯಿಯ ಜಾಲರಿ ನೋಡಿ. ಒಳಗೆ ಕೂರಿಸಿದ ಸ್ಪಾಂಜು ಅದನ್ನು ಮುಚ್ಚಿದ್ದರೆ ಉಸಿರಿಗೆ ಹೋಗಲು ದಾರಿ ಮೇಲೆಯೇ. ಆಮೇಲೆ ಫ್ಯಾನ್. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸಿಗುವ 40 ಮಿಲಿಮೀಟರಿನ 5 ವೋಲ್ಟ್ ಫ್ಯಾನ್ ಎರಡು ಸಾಕು. ಎರಡೂ ಎದುರುಬದುರಾಗಿ ಊದುತ್ತಿದ್ದರೆ ಗಾಳಿ ಒಳಗೇ ಸುತ್ತುತ್ತದೆ. ಒಂದು ಎಳೆಯಲಿ, ಇನ್ನೊಂದು ತಳ್ಳಲಿ. ಲೆನ್ಸಿನ ಒಳಗಡೆ ಪಾತ್ರೆ ತೊಳೆಯುವ ದ್ರವ ಒಂದು ಹನಿ ಸವರಿ ಒರೆಸಿದರೂ ಒಂದೆರಡು ಗಂಟೆ ನಡೆಯುತ್ತದೆ.

ಫ್ಯಾನ್ ಅರ್ಧ ನಿಮಿಷ ತಿರುಗಿ ನಿಂತುಬಿಡುತ್ತದಾ? ತಂತಿ ಬಿಚ್ಚಬೇಡಿ, ಸಾಲ್ಡರಿಂಗ್ ಐರನ್ನೂ ಬೇಡ. ಪವರ್ ಬ್ಯಾಂಕ್ ಬದಲಿಸಿ ನೋಡಿ. ಬಹಳಷ್ಟು ಪವರ್ ಬ್ಯಾಂಕುಗಳು ಎಳೆಯುವ ಕರೆಂಟ್ ತೀರಾ ಕಡಿಮೆಯಿದ್ದರೆ ಫೋನ್ ಚಾರ್ಜ್ ಮುಗಿಯಿತು ಅಂದುಕೊಂಡು ತಾವಾಗೇ ಬಂದಾಗುತ್ತವೆ. ಸಣ್ಣ ಫ್ಯಾನು ಎಳೆಯುವುದೇ ಅಷ್ಟು. ಇಲ್ಲೂ ಎಮ್ಮೆಗೇ ಬರೆ.

ಹೆಲ್ಮೆಟ್ಟಿನೊಳಗಿನ ಮೈಕು ಕೀ ಅಂತ ಕಿರುಚಿದರೆ ಸ್ಪೀಕರ್ ಅದಕ್ಕೆ ಹತ್ತಿರ ಇದೆ. ಸ್ಪೀಕರನ್ನು ಎದೆಯ ಕೆಳಗೆ ಸರಿಸಿ, ಶಬ್ದ ತಗ್ಗಿಸಿ.

ಇನ್ನು ಬಾಗಿಲಿಗೆ ತಲೆ ಹೊಡೆದುಕೊಳ್ಳುವುದು. ಅದಕ್ಕೆ ರಿಪೇರಿ ಇಲ್ಲ. 1977ರ ಚಿತ್ರದಲ್ಲೇ ಒಬ್ಬ ಸ್ಟಾರ್ಮ್‌ಟ್ರೂಪರ್ ಒಳಗೆ ಬರುವಾಗ ಬಾಗಿಲಿಗೆ ಹಣೆ ಹೊಡೆದುಕೊಳ್ಳುತ್ತಾನೆ. ಮುಂದೆ ಡಿವಿಡಿ ತಂದಾಗ ಅದಕ್ಕೆ ಶಬ್ದವನ್ನೂ ಸೇರಿಸಿದರು. ಹಾಗಾಗಿ ನೀವು ಹೊಡೆದುಕೊಂಡರೆ ಅದೂ ತೆರೆಯ ಮೇಲಿದ್ದಂತೆಯೇ.

ದೋಷವಲ್ಲದ ದೋಷಗಳು

ಕೆಲವರು ಸರಿ ಇದ್ದುದನ್ನು ಸರಿಮಾಡಲು ಹೋಗಿ ಕೆಡಿಸುತ್ತಾರೆ. ಹೆಲ್ಮೆಟ್ಟಿನ ಮುಖ ಎಡ ಬಲ ಒಂದೇ ಥರ ಇಲ್ಲ ಅಂತ ಹೀಟ್ ಗನ್ ಹಿಡಿದವರಿದ್ದಾರೆ. ಅಯ್ಯೋ, ಅದು ಇರುವುದೇ ಹಾಗೆ. ಕೈಯಲ್ಲಿ ಮಾಡಿದ ಮೂಲ ಅಚ್ಚಿನಲ್ಲೇ ಆ ಸೊಟ್ಟ ಇತ್ತು. ಸಮ ಮಾಡಿದರೆ ಗೊತ್ತಿರುವವರ ಕಣ್ಣಿಗೆ ತಕ್ಷಣ ನಕಲಿ ಅನ್ನಿಸುತ್ತದೆ. ಕೆನ್ನೆಯ ನೀಲಿ ಗೆರೆಗಳು ಸ್ವಲ್ಪ ಅಂಕುಡೊಂಕಾಗಿದ್ದರೆ ಅದೂ ಸರಿಯೇ, ಸಾಮಾನ್ಯ ಸೈನಿಕರ ಹೆಲ್ಮೆಟ್ಟಿಗೆ ಅವನ್ನು ಕೈಯಲ್ಲೇ ಬರೆದಿದ್ದರು.

ನಿಜವಾದ ದೋಷ ಬೇರೆ ಇದೆ: ಎರಡು ಬಗೆಯ ಹೆಲ್ಮೆಟ್ ಬೆರೆಸುವುದು. ಚಿತ್ರದಲ್ಲಿ ಸಾಮಾನ್ಯ ಸೈನಿಕರಿಗೆ ಒಂದು ಬಗೆ, ಕವಚ ತೊಟ್ಟು ವೇಷ ಮರೆಸಿಕೊಂಡ ಕಥಾನಾಯಕರಿಗೆ ಇನ್ನೊಂದು. ಮೊದಲನೆಯದರಲ್ಲಿ ಬಾಯಿಯಲ್ಲಿ ಕೊರೆದ ಹಲ್ಲಿನ ಕಿಂಡಿ 6, ಲೆನ್ಸ್ ಚಪ್ಪಟೆ. ಎರಡನೆಯದರಲ್ಲಿ ಕಿಂಡಿ 8, ಲೆನ್ಸ್ ಉಬ್ಬು. 6 ಕಿಂಡಿಯ ಹೆಲ್ಮೆಟ್ಟಿಗೆ ಉಬ್ಬು ಲೆನ್ಸ್ ಹಾಕಿದರೆ ಏನೋ ಸರಿಯಿಲ್ಲ ಅನ್ನಿಸುತ್ತದೆ, ಏನು ಅಂತ ತಿಳಿಯುವುದಿಲ್ಲ. ಎಣಿಸಿ ನೋಡಿ. 1997ರಲ್ಲಿ ಅಮೆರಿಕದಲ್ಲಿ ಆಲ್ಬಿನ್ ಜಾನ್ಸನ್ ಶುರುಮಾಡಿದ 501ನೇ ಲೀಜನ್ ಎಂಬ ಅಭಿಮಾನಿ ಬಳಗಕ್ಕೆ ಸೇರಬೇಕಾದರೆ ಇಂಥ ವಿವರಗಳನ್ನೆಲ್ಲ ಒಂದೊಂದಾಗಿ ನೋಡುತ್ತಾರೆ. ಬಂದೂಕಿನ ಚೀಲ ಸೊಂಟದ ಯಾವ ಕಡೆ ಇದೆ ಅಂತಲೂ.

ಬಂದೂಕಿನ ಮಾತು ಬಂತು. ಸ್ಟಾರ್ಮ್‌ಟ್ರೂಪರ್ ಹಿಡಿಯುವ ಇ-11 ಯಾವುದೋ ಗ್ರಹದ್ದಲ್ಲ, ಬ್ರಿಟಿಷರ ಸ್ಟರ್ಲಿಂಗ್ ಸಬ್‌ಮಷಿನ್ ಗನ್ನಿಗೆ ದುರ್ಬೀನು, ಗೆರೆಗೆರೆ ಪಟ್ಟಿ ಸಿಕ್ಕಿಸಿದ್ದು. ಅದೇ ಸ್ಟರ್ಲಿಂಗ್ ನಮ್ಮ ಕಾನ್ಪುರದ ಸರ್ಕಾರಿ ಕಾರ್ಖಾನೆಯಲ್ಲಿ ಕಾರ್ಬೈನ್ 1ಎ ಎಂಬ ಹೆಸರಿನಲ್ಲಿ ತಯಾರಾಯಿತು, ಪೊಲೀಸರ ಕೈಯಲ್ಲಿ ನೋಡಿರುತ್ತೀರಿ. ಆದ್ದರಿಂದ ಇಲ್ಲಿ ಆಟಿಕೆ ಬಂದೂಕು ಚೆನ್ನಾಗಿ ಮಾಡಿದಷ್ಟೂ ಕಷ್ಟ. ಮೆಟ್ರೋದಲ್ಲಿ ಚೀಲದಿಂದ ತೆಗೆಯಲೇಬೇಡಿ.

ನನ್ನ ಕವಚದಲ್ಲಿ ಈಗ ಉಳಿದಿರುವ ದೂರು ಒಂದೇ. ಬಲಗೈ ಎತ್ತಿದಾಗಲೆಲ್ಲ ತೋಳಿನ ತುಂಡು ಒಳಕ್ಕೆ ತಿರುಗಿ ಕಂಕುಳಿಗೆ ಚುಚ್ಚುತ್ತದೆ. ತೋಳಿನ ಅಂಚು ಅರ ಹಾಕಲು ಕೈ ತುರಿಸುತ್ತಿದೆ. ಸದ್ಯಕ್ಕೆ ಅದನ್ನು ಮುಟ್ಟಿಲ್ಲ. ಹೆಗಲು ಮುಚ್ಚುವ ಗಂಟೆಯಾಕಾರದ ತುಂಡಿಗೂ ಅದರ ಪಟ್ಟಿಗೂ ಟೇಪ್ ಅಂಟಿಸಿದ್ದೇನೆ. ಮನೆಯಲ್ಲಿ ಕಾಡಿಗೆ ಮುಗಿದಿದೆ, ನಾಳೆ ತರಬೇಕು.